ಪೀಪಾಯಿಯಲ್ಲಿ ಉಳಿದ ಬಿಲ್ಲೆ

ಆ ಊರಿನಲ್ಲಿ ಹಳಿ ದಾಟಿ ಆಚೆ ಹೋಗುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ದಾಟಿದವರು ಮತ್ತೆ ಈಚೆಗೆ ಬರುವಂತಿರಲಿಲ್ಲ, ಅಷ್ಟೆ.

ಊರನ್ನು ಎರಡು ಮಾಡಿ ನಾಲ್ಕು ಜೋಡಿ ಹಳಿ ಹಾಯ್ದು ಹೋಗಿದ್ದವು. ಈಚೆಪಾಳ್ಯದಲ್ಲಿ ರೈಲಿನ ಕೆಲಸದವರಿದ್ದರು. ಎಂಜಿನ್ ಓಡಿಸುವವರು, ಹಸಿರು ಬಾವುಟ ಬೀಸುವವರು, ಸಿಗ್ನಲ್ಲಿನ ಕೈಮರ ಏರಿಸಿ ಇಳಿಸುವವರು, ಗೇಟು ಕಾಯುವವರು, ಹಳಿಯ ಬೋಲ್ಟುಗಳನ್ನು ನೋಡುತ್ತ ದಿನಕ್ಕೆ ಹತ್ತು ಮೈಲಿ ನಡೆಯುವವರು. ಆಚೆಪಾಳ್ಯದಲ್ಲಿದ್ದವರೂ ಒಂದು ಕಾಲಕ್ಕೆ ಇದೇ ಕೆಲಸ ಮಾಡಿದವರು. ಈಗ ಅವರು ಹೆಂಚು ಸುಡುತ್ತಿದ್ದರು. ನಡುವೆ ಬೇಲಿ ಇರಲಿಲ್ಲ, ಕಾವಲಿನವನಿರಲಿಲ್ಲ. ಜಲ್ಲಿಕಲ್ಲು, ಹಳಿ, ಜಲ್ಲಿಕಲ್ಲು, ಹಳಿ. ಎಳೆಯ ಕರು ಕೂಡ ಒಂದೇ ಉಸಿರಿಗೆ ದಾಟಬಹುದಾದ ದೂರ.

ಬಹಳ ಹಿಂದೆ ಕುಡಿದ ಡ್ರೈವರನೊಬ್ಬ ಕೈಮರ ಕಾಣದೆ ಹೊಳೆಯ ಸೇತುವೆಗೆ ರೈಲು ನುಗ್ಗಿಸಿದ್ದ. ಸೇತುವೆಯ ರಿಪೇರಿ ಇನ್ನೂ ಮುಗಿದಿರಲಿಲ್ಲ. ಇನ್ನೂರು ಜನ ಹೊಳೆಯ ಪಾಲಾದರು. ಹೆಣಗಳನ್ನು ಎಳೆದು ಹಾಕಿದ ಮರಳ ದಂಡೆಯ ಮೇಲೆಯೇ ಊರಿನವರು ಕೂತು ಒಂದು ಕಟ್ಟಳೆ ಮಾಡಿದರು. ಆ ಕಟ್ಟಳೆ ಅಂದಿನಿಂದ ಒಂದು ದಿನವೂ ತಪ್ಪಿರಲಿಲ್ಲ.

ಪ್ರತಿ ಬೆಳಗ್ಗೆ, ಮೊದಲ ರೈಲು ಹೊರಡುವ ಮುಂಚೆ, ರೈಲಿನ ಕೆಲಸದವರೆಲ್ಲ ಪ್ಲಾಟ್‌ಫಾರ್ಮಿನ ಮೇಲೆ ಸೇರುವರು. ಅಲ್ಲಿ ಅಚ್ಚಿನ ಮೇಲೆ ತಿರುಗುವ ಒಂದು ಮರದ ಪೀಪಾಯಿ. ಅದರೊಳಗೆ ಒಬ್ಬೊಬ್ಬರಿಗೆ ಒಂದೊಂದರಂತೆ ಎರಡು ಸಾವಿರಕ್ಕೂ ಮಿಕ್ಕಿ ಹಿತ್ತಾಳೆ ಬಿಲ್ಲೆ. ಮುದುಕನೊಬ್ಬ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪೀಪಾಯಿಯನ್ನು ಏಳು ಸುತ್ತು ತಿರುಗಿಸಿ, ಕೈಹಾಕಿ ಒಂದು ಬಿಲ್ಲೆ ತೆಗೆಯುವನು. ಯಾರ ನಂಬರು ಬಂತೋ ಅವರು ಮುಂದೆ ಬರುವರು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಅಂಗೈ ಅಗಲದ ತಣ್ಣನೆಯ ಗಾಜನ್ನು ಹೆಂಗಸೊಬ್ಬಳು ಅವರ ಬಾಯಿಯ ಮುಂದೆ ಹಿಡಿದು, "ಉಸಿರು ಕೊಡಿ" ಎನ್ನುವಳು. ಮೂರು ಸಲ ಊದಬೇಕು. ಶುದ್ಧವಾದ ಉಸಿರು ಗಾಜಿನ ಮೇಲೆ ಮಂಜಿನಂತೆ ಕೂತು ಆರಿಹೋಗುವುದು. ಹೆಂಡ ಸಾರಾಯಿ ಕುಡಿದವರದು ಆರದೆ, ಚಹಾದ ಕಲೆಯ ಹಾಗೆ ಕಂದಾಗಿ ನಿಲ್ಲುವುದು. ಭಂಗಿ, ಅಫೀಮು ತಿಂದವರದು ಪಾಚಿಯ ಹಾಗೆ ಹಸಿರಾಗುವುದು. ಗಾಜು ಆರಿದರೆ ಆ ಬಿಲ್ಲೆ ಮತ್ತೆ ಪೀಪಾಯಿಗೆ ಹೋಗುವುದು, ಮನುಷ್ಯ ತನ್ನ ಡ್ಯೂಟಿಗೆ ಹೋಗುವನು. ಕಲೆ ನಿಂತರೆ ಬಿಲ್ಲೆ ಸ್ಟೇಷನ್ ಮಾಸ್ತರರ ಟಿನ್ನಿನ ಪೆಟ್ಟಿಗೆಗೆ. ಮನುಷ್ಯ ಕೈಯಲ್ಲಿದ್ದ ಲಾಟೀನನ್ನು ಕೆಳಗಿಟ್ಟು, ಹಳಿ ದಾಟಿ ಆಚೆಪಾಳ್ಯಕ್ಕೆ.

ಕೆಲವರಿಗೆ ತಿಂಗಳಲ್ಲಿ ಮೂರು ಸಲ ಬಂದದ್ದುಂಟು. ಕೆಲವರಿಗೆ ಜೀವಮಾನದಲ್ಲೇ ಬಂದಿರಲಿಲ್ಲ. ಯಾವತ್ತು ಯಾರದೆಂದು ಯಾರಿಗೂ ಗೊತ್ತಿರಲಿಲ್ಲ.

ಗಾಜು ಹಿಡಿಯುವವಳ ಹೆಸರು ಹೊಂಬಾಳಮ್ಮ. ಸೇತುವೆಯಲ್ಲಿ ಸತ್ತವರ ಮನೆಯವರೇ ಗಾಜು ಹಿಡಿಯಬೇಕೆಂದು ಕಟ್ಟಳೆ. ಅವಳ ತಾಯಿ ಆ ರೈಲಿನಲ್ಲಿದ್ದಳು. ಹೊಳೆಯಿಂದ ಎತ್ತಿದಾಗ ತಾಯಿಯ ಮುಷ್ಟಿಯಲ್ಲಿ ಒದ್ದೆಯಾದ ಟಿಕೆಟ್ ಹಾಗೇ ಇತ್ತು ಎಂದು ನೋಡಿದವರು ಹೇಳುತ್ತಿದ್ದರು. ಹೊಂಬಾಳಮ್ಮ ಯಾರ ಮುಖವನ್ನೂ ನೋಡಿ ಗಾಜು ಹಿಡಿದವಳಲ್ಲ. ಅವಳು ನೋಡುತ್ತಿದ್ದುದು ಗಾಜನ್ನು ಮಾತ್ರ.

ಅವಳ ಗಂಡ ಚೆನ್ನಿಗಪ್ಪ ಎಂಜಿನ್ ಡ್ರೈವರ್. ಅವನು ರೈಲು ನಿಲ್ಲಿಸಿದರೆ ಡಬ್ಬಿಯೊಳಗೆ ಮಲಗಿದ ಕೂಸಿಗೆ ಎಚ್ಚರವಾಗುತ್ತಿರಲಿಲ್ಲ. ಅವರಿಗೆ ದೇವೀರಿ ಎಂಬ ಐದು ವರ್ಷದ ಮಗಳಿದ್ದಳು, ಅವಳ ಬೆನ್ನಿಗೆ ಹುಟ್ಟಿದ ಒಂದು ಗಂಡುಮಗುವಿತ್ತು. ಮಗು ಜ್ವರ ಬಂದು ಮೂರೇ ದಿನಕ್ಕೆ ಹೋಯಿತು. ಮಣ್ಣು ಮಾಡಿ ಬಂದ ಸಂಜೆ ಚೆನ್ನಿಗಪ್ಪ ಮೊದಲ ಸಲ ಕುಡಿದ. ಆಮೇಲೆ ದಿನಾ ಸಂಜೆ ಕುಡಿಯತೊಡಗಿದ. ಹೊಂಬಾಳಮ್ಮ ಏನೂ ಅನ್ನಲಿಲ್ಲ. ಅವಳೂ ಅದೇ ಮಗುವಿನ ತಾಯಿ.

ಒಂದು ಬೆಳಗ್ಗೆ ಅವನು ಅಂಗಿ ಹಾಕಿಕೊಳ್ಳುವಾಗ ವಾಸನೆ ಇನ್ನೂ ಹೋಗಿರಲಿಲ್ಲ.

"ಇವತ್ತೊಂದಿನ ರಜ ಹಾಕ್ರೀ" ಎಂದಳು.

"ಎರಡು ಸಾವಿರ ಬಿಲ್ಲೆ ಇದಾವಲ್ಲೇ. ಅದರಲ್ಲಿ ನಂದೇ ಬರುತ್ತಾ?"

"ಬಿಲ್ಲೆ ಬರದಿದ್ರೆ ಸೇತುವೆ ಬರಲ್ವಾ?"

ಅವನು ಲಾಟೀನು ತಗೊಂಡು ಹೊರಟ. ಅವಳು ಗಾಜು ತಗೊಂಡು ಹಿಂದೆ ಹೊರಟಳು.

ಪೀಪಾಯಿ ಏಳು ಸುತ್ತು ತಿರುಗಿತು. ಏಳುನೂರಾ ನಲವತ್ತು ಎಂದು ಮುದುಕ ಕೂಗಿದ. ಅದು ಚೆನ್ನಿಗಪ್ಪನ ನಂಬರು.

"ಉಸಿರು ಕೊಡಿ" ಎಂದಳು ಹೊಂಬಾಳಮ್ಮ. ಅವನು ಅವಳ ಮುಖವನ್ನೇ ನೋಡುತ್ತ ಮೂರು ಸಲ ಊದಿದ. ಅವಳು ಗಾಜನ್ನು ನೋಡಿದಳು. ರೈಲಿನ ಕಿಟಕಿಗಳಲ್ಲಿ ಆಗಲೇ ಜನ ಕೂತಿದ್ದರು. ಒಬ್ಬಳು ತನ್ನ ಮಗುವಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದಳು. ಹೊಂಬಾಳಮ್ಮ ಕಂದು ಕಲೆ ನಿಂತ ಗಾಜನ್ನು ಎಲ್ಲರಿಗೂ ಕಾಣುವಂತೆ ಮೇಲಕ್ಕೆತ್ತಿ ಹಿಡಿದಳು.

ಚೆನ್ನಿಗಪ್ಪ ಲಾಟೀನು ಕೆಳಗಿಟ್ಟ. ಹಳಿ ದಾಟಿದ. ಆ ದಡ ಮುಟ್ಟಿದ ಮೇಲೂ ತಿರುಗಿ ನೋಡಲಿಲ್ಲ.

ಬಿಲ್ಲೆಯನ್ನು ಪೆಟ್ಟಿಗೆಗೆ ಹಾಕುವುದೂ ಗಾಜಿನವಳ ಕೆಲಸವೇ. ಅಂದು ಅವಳ ಸೆರಗಿನ ತುದಿಯಲ್ಲಿ ಗಂಡನ ಕೋಟಿನಿಂದ ಉದುರಿದ್ದ ಒಂದು ಹಿತ್ತಾಳೆ ಗುಂಡಿ ಇತ್ತು, ಹೊಲಿದು ಕೊಡಬೇಕೆಂದು ಗಂಟು ಹಾಕಿಟ್ಟದ್ದು. ಅವಳು ಗುಂಡಿಯನ್ನು ಪೆಟ್ಟಿಗೆಗೆ ಹಾಕಿದಳು. ಅದು ಬಿಲ್ಲೆಯಂತೆಯೇ ಟಿನ್ನಿನ ತಳಕ್ಕೆ ಬಿದ್ದು ಸದ್ದು ಮಾಡಿತು. ಬಿಲ್ಲೆಯನ್ನು ಪೀಪಾಯಿಗೆ ಹಾಕಿದಳು. ಅದು ಯಾರಿಗೂ ಕೇಳಿಸಲಿಲ್ಲ.

ಹಾಗೆ ಮಾಡಿದ್ದೇಕೆಂದರೆ, ಕಟ್ಟಳೆಯ ಒಂದೊಂದು ಮಾತೂ ಅವಳಿಗೆ ಬಾಯಿಪಾಠವಾಗಿತ್ತು. ಬಿಲ್ಲೆ ಬಂದವರು ಉಸಿರು ಕೊಡತಕ್ಕದ್ದು. ಗಾಜು ಆರಿದರೆ ಕೆಲಸಕ್ಕೆ ಹೋಗತಕ್ಕದ್ದು. ಕಲೆ ನಿಂತರೆ ಆಚೆಗೆ ಹೋಗತಕ್ಕದ್ದು. ಇಷ್ಟೇ ಇತ್ತು. ಬಿಲ್ಲೆ ಬಂದವನು ಯಾವ ಪಾಳ್ಯದವನಾಗಿರಬೇಕು ಎಂದು ಎಲ್ಲೂ ಬರೆದಿರಲಿಲ್ಲ.

ಅಂದಿನಿಂದ ಹನ್ನೆರಡು ವರ್ಷ, ಪ್ರತಿ ಬೆಳಗ್ಗೆ, ಪೀಪಾಯಿ ತಿರುಗುವಾಗ ಅವಳು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಪ್ಲಾಟ್‌ಫಾರ್ಮಿನ ಮೇಲಿದ್ದವರೆಲ್ಲ ತಮ್ಮ ನಂಬರು ಬರದಿರಲಿ ಎಂದು ಬೇಡಿಕೊಳ್ಳುವಾಗ ಒಬ್ಬಳು ಮಾತ್ರ ಒಂದು ನಂಬರು ಬರಲಿ ಎಂದು ಬೇಡಿಕೊಳ್ಳುತ್ತಿದ್ದಳು.

ಆಚೆಯವರ ಜೊತೆ ಮಾತಾಡುವುದಕ್ಕೆ ಅಡ್ಡಿ ಇರಲಿಲ್ಲ. ಆದರೆ ನಾಲ್ಕು ಜೋಡಿ ಹಳಿಯ ಅಗಲಕ್ಕೆ ಕೂಗಬೇಕು. ಕೂಗಿ ಹೇಳುವಂಥ ಮಾತು ಮಾತ್ರ ಆಚೆ ತಲುಪುತ್ತಿತ್ತು.

"ಊಟ ಆಯ್ತಾ?"

"ಆಯ್ತು! ನಿಂದು?"

"ಆಯ್ತು! ಕೆಮ್ಮು ಹೋಯ್ತಾ?"

"ಹೋಯ್ತು! ದೇವೀರಿ ಎಲ್ಲಿ?"

"ಸ್ಕೂಲಿಗೆ ಹೋದ್ಲು!"

ಹನ್ನೆರಡು ವರ್ಷ ಇಷ್ಟೇ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದು ಅವನು ಕೂಗಲಿಲ್ಲ. ಊರೆಲ್ಲ ಕೇಳುವ ಹಾಗೆ ಅದನ್ನು ಹೇಗೆ ಕೂಗುವುದು? ನಿಮ್ಮ ಬಿಲ್ಲೆ ಪೀಪಾಯಿಯಲ್ಲೇ ಇದೆ ಎಂದು ಅವಳೂ ಕೂಗುವಂತಿರಲಿಲ್ಲ. ನೀನೂ ಬಂದುಬಿಡು ಎಂದು ಅವನು ಒಂದು ಸಲವಾದರೂ ಅನ್ನಬಹುದಿತ್ತು, ಅನ್ನಲಿಲ್ಲವಲ್ಲ ಎಂದು ಅವಳು ಒಳಗೇ ಕೊರಗಿದಳು. ಅವಳಾಗಿ ಬರಬಹುದಿತ್ತು, ಬರಲಿಲ್ಲವಲ್ಲ, ಗಾಜೆತ್ತಿ ತೋರಿಸಿದವಳಿಗೆ ನಾನು ಯಾಕೆ ಬೇಕು ಎಂದು ಅವನು ಕೊರಗಿದ.

ದೇವೀರಿಯ ಮದುವೆಯ ದಿನ ಹೊಂಬಾಳಮ್ಮ ಮಗಳನ್ನೂ ಅಳಿಯನನ್ನೂ ಪ್ಲಾಟ್‌ಫಾರ್ಮಿನ ಅಂಚಿಗೆ ಕರಕೊಂಡು ಬಂದು ನಿಲ್ಲಿಸಿದಳು. ಚೆನ್ನಿಗಪ್ಪ ಆಚೆಯಿಂದ ಒಂದು ಹಿಡಿ ಅಕ್ಷತೆ ಎಸೆದ. ಅವನ ತೋಳಿನಲ್ಲಿ ಕಸುವಿತ್ತು, ಆದರೆ ಅಕ್ಕಿಕಾಳು ಎಷ್ಟು ದೂರ ಹೋದೀತು? ಎರಡನೆಯ ಹಳಿಯ ಮೇಲೆಲ್ಲ ಚೆಲ್ಲಿಹೋಯಿತು. ಮಗಳು ಅಲ್ಲಿಂದಲೇ ತಲೆಬಾಗಿದಳು. ಸಂಜೆಯ ರೈಲು ಅವಳನ್ನು ಗಂಡನ ಊರಿಗೆ ಕರೆದೊಯ್ಯಿತು.

"ಇನ್ನೇನೇ ನಿನಗೆ ಇಲ್ಲಿ? ಮಗಳೂ ದಡ ಸೇರಿದಳು. ಗಂಡನ ಹತ್ರ ಹೋಗಬಾರದಾ?" ಎಂದು ಅಕ್ಕಪಕ್ಕದವರು ಕೇಳಿದರು. ಅವಳು ನಕ್ಕಳು. ತಾನು ದಾಟಿದರೆ ಮಾರನೆಯ ದಿನ ಹೊಸಬಳೊಬ್ಬಳು ಗಾಜು ಹಿಡಿಯುತ್ತಾಳೆ. ಹೊಸಬಳು ಮೊದಲು ಬಿಲ್ಲೆಗಳನ್ನೆಲ್ಲ ಎಣಿಸಿ ತನ್ನ ವಶಕ್ಕೆ ತಗೊಳ್ಳುತ್ತಾಳೆ. ಅಲ್ಲಿಗೆ ಏಳುನೂರಾ ನಲವತ್ತು ಮುಗಿಯಿತು. ಅವನು ಬರಬೇಕಾದರೆ ಅವಳು ಹೋಗುವಂತಿರಲಿಲ್ಲ.

ಹದಿಮೂರನೆಯ ವರ್ಷದ ಒಂದು ಬೆಳಗ್ಗೆ ಪೀಪಾಯಿ ತಿರುಗಿ ನಿಂತಿತು. ಮುದುಕ ಕೈಹಾಕಿದ. ಬಿಲ್ಲೆ ತೆಗೆದು, ಕಣ್ಣಿನ ಬಟ್ಟೆ ಸರಿಸಿ, ಬೆಳಕಿಗೆ ಹಿಡಿದ.

"ಏಳುನೂರಾ ನಲವತ್ತು."

ಯಾರೂ ಮುಂದೆ ಬರಲಿಲ್ಲ. ಅವನು ಇನ್ನೊಮ್ಮೆ ಕೂಗಿದ. ಸ್ಟೇಷನ್ ಮಾಸ್ತರು ರಿಜಿಸ್ಟರು ತಿರುವಿ ಹೆಸರು ನೋಡಿದರು. ಅವರು ಸಣ್ಣ ಮೈಕಟ್ಟಿನ, ಮೆಲ್ಲಗೆ ಮಾತಾಡುವ ಮನುಷ್ಯ. ಹೆಸರಿನ ಮೇಲೆ ಬೆರಳಿಟ್ಟುಕೊಂಡೇ ಗಾಜಿನವಳ ಕಡೆ ತಿರುಗಿದರು.

"ಹೊಂಬಾಳಮ್ಮಾ, ಇದು ಇಲ್ಲಿ ಹೇಗೆ ಬಂತು?"

"ನಾನು ತೆಗೆದಿರಲಿಲ್ಲ ಸ್ವಾಮಿ."

"ಮರೆತಿದ್ದೆಯಾ?"

"ಇಲ್ಲ ಸ್ವಾಮಿ. ಬೇಕಂತಲೇ ಬಿಟ್ಟಿದ್ದೆ." "ನನಗೇನು ಮಾಡಬೇಕೋ ಆಮೇಲೆ ಮಾಡಿ. ಬಿಲ್ಲೆ ಬಂದದೆ. ಬಂದವರು ಉಸಿರು ಕೊಡಬೇಕು. ಕಟ್ಟಳೆ ಅದೇ ಅಲ್ವಾ?"

ರೈಲು ಉಗಿ ಬಿಡುತ್ತ ನಿಂತಿತ್ತು. ಮಾಸ್ತರು ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು, ಚೆನ್ನಿಗಪ್ಪನ ಹೆಸರು ಹಿಡಿದು ಕೂಗಿದರು. ಆಚೆಯ ಹೆಂಚಿನ ಗೂಡುಗಳ ಹತ್ತಿರ ಜನ ಕೆಲಸ ನಿಲ್ಲಿಸಿದರು. ಅವರ ನಡುವಿನಿಂದ ಒಬ್ಬ ಮನುಷ್ಯ ಕೈಯ ಜೇಡಿಮಣ್ಣನ್ನು ಒರೆಸಿಕೊಳ್ಳುತ್ತ ಬಂದ. ನಂಬರು ಬಂದಿದೆ ಎಂದು ಕೇಳಿ ಹಳಿಗೆ ಇಳಿದ. ಒಂದು ಜೋಡಿ ಹಳಿ ದಾಟಿದ, ಇನ್ನೊಂದು ದಾಟಿದ, ನಡುವೆ ನಿಂತ.

ಹೊಂಬಾಳಮ್ಮ ಗಾಜು ಹಿಡಿದು ಈಚೆಯಿಂದ ಇಳಿದು ಹೋದಳು. ಹನ್ನೆರಡು ವರ್ಷದ ಮೇಲೆ ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ನಿಂತರು. ಅವನ ಕೂದಲು ಪೂರಾ ನರೆತಿತ್ತು, ಅದರ ಮೇಲೆ ಹೆಂಚಿನ ಕೆಂಪು ದೂಳು. ಹುಬ್ಬಿನ ಮೇಲೆ ಒಂದು ಸುಟ್ಟ ಗಾಯದ ಗುರುತಿತ್ತು. ಇದು ಯಾವಾಗ ಆಯಿತು, ಕೂಗಿ ಹೇಳಲೇ ಇಲ್ಲವಲ್ಲ ಎಂದುಕೊಂಡಳು.

"ಬಿಲ್ಲೆ ಅಲ್ಲೇ ಇತ್ತಾ?" ಎಂದು ಅವನು ಕೇಳಿದ.

"ಅವತ್ತಿಂದ ಅಲ್ಲೇ ಇತ್ತು."

"ಹನ್ನೆರಡು ವರ್ಷ?"

"ಹೂಂ."

ಅವನು ತಲೆ ತಗ್ಗಿಸಿದ. "ಗಾಜು ಒಳಗಿಡು ಹೊಂಬಾಳೆ. ನಿನ್ನೆ ಸಂತೆ. ಸಾಯಂಕಾಲ ಕುಡಿದೆ."

ಅವಳಿಗೆ ಅದು ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈಯ ಗಾಜು ಭಾರವಾಯಿತು.

"ದಿನಾ ಇಲ್ಲ" ಎಂದ ಅವನು. "ದಿನಾ ಕುಡಿಯೋದು ಬಿಟ್ಟು ಎಷ್ಟೋ ವರ್ಷ ಆಯ್ತು. ಸಂತೆ ದಿನ ಮಾತ್ರ. ಎಲ್ಲಾರೂ ಕೂತ್ಕೋತಾರೆ, ನಾನೂ ಕೂತ್ಕೋತೀನಿ. ಒಂದು ಮಾತು ಹೇಳಿದ್ರೆ ಮುಟ್ಟುತಿರಲಿಲ್ಲ ಕಣೇ."

"ಹೇಗೆ ಹೇಳಲಿ? ಕೂಗಲಾ?"

"ದಾಟಿ ಬಂದೋರ ಕೈಲಿ ಹೇಳಿ ಕಳಿಸಬಹುದಿತ್ತು."

"ಅವರನ್ನೆಲ್ಲ ದಾಟಿಸಿದ್ದೋಳು ನಾನೇ ಅಲ್ವೇನ್ರೀ? ಯಾರ ಮುಂದೆ ಬಾಯಿ ಬಿಡಲಿ?" ಅವಳ ಕಣ್ಣು ತುಂಬಿತು. "ಹೇಳಿಬಿಟ್ಟು, ಇಪ್ಪತ್ತು ವರ್ಷ ನಂಬರು ಬರದೇನೇ ಹೋಗಿದ್ರೆ?"

"ಇಪ್ಪತ್ತು ವರ್ಷ ಕಾಯ್ತಿದ್ದೆ. ಕಾಯೋಕೆ ಏನೋ ಒಂದಿದೆ ಅಂತಲಾದ್ರೂ ಆಗ್ತಿತ್ತು."

ಈಚೆಯವರು ದೂರದಲ್ಲಿದ್ದರು. ಆಚೆಯವರೂ ದೂರದಲ್ಲಿದ್ದರು. ಗಾಜು ಅವಳ ಕೈಯಲ್ಲಿತ್ತು. ಅವಳ ಎಡಗೈ ತಾನೇ ತಾನಾಗಿ ಸೆರಗಿನ ಕಡೆ ಹೋಯಿತು. ಅವನು ಊದಿದ ಮೇಲೆ ಒಂದು ಸಲ ಒರೆಸಿದರೆ ಸಾಕು. ಎತ್ತಿ ಹಿಡಿದರೆ ಮುಗಿಯಿತು. ಅವಳು ಹಿಡಿದ ಗಾಜನ್ನು ಈವರೆಗೆ ಯಾರೂ ಅನುಮಾನಿಸಿದ್ದಿಲ್ಲ.

ಅವನು ಅದನ್ನು ನೋಡಿದ. ಅವಳ ಮಣಿಕಟ್ಟು ಹಿಡಿದುಕೊಂಡ.

"ಬೇಡ. ನೀನು ಒರೆಸಿದ್ರೆ ಈಗಲೇ ಆ ಎಂಜಿನ್ ನನ್ನ ಕೈಗೆ ಕೊಡ್ತಾರೆ. ಅಷ್ಟೂ ಕಿಟಕೀಲಿ ಜನ ಇದಾರೆ. ಅವತ್ತು ನನಗೆ ಅದು ಕಾಣಲಿಲ್ಲ. ಇವತ್ತು ಕಾಣ್ತಾ ಇದೆ. ಹಿಡಿ ಗಾಜು."

"ಉಸಿರು..." ಎಂದಳು. ಅವನು ತಾನೇ ಬಾಗಿ ಮೂರು ಸಲ ಊದಿದ. ಅವಳು ಆ ಕಲೆಯನ್ನು ಎಲ್ಲರಿಗೂ ಎತ್ತಿ ತೋರಿಸಿದಳು. ಅವನು ಆಚೆಗೆ, ಅವಳು ಈಚೆಗೆ. ಬೇರೆ ಡ್ರೈವರನೊಬ್ಬ ರೈಲನ್ನು ತಗೊಂಡು ಹೋದ.

ಮಾಸ್ತರು ಪೆಟ್ಟಿಗೆಯನ್ನು ಬೋರಲು ಹಾಕಿ ಗುಂಡಿಯನ್ನು ಹುಡುಕಿ ತೆಗೆದರು. ಬಿಲ್ಲೆಯನ್ನು ಪೆಟ್ಟಿಗೆಗೆ ಹಾಕಿದರು. "ನಿನ್ನ ಉಸಿರಿನಲ್ಲಿ ತಪ್ಪಿಲ್ಲ, ನಿನ್ನನ್ನು ದಾಟಿಸೋಕೆ ನನಗೆ ಹಕ್ಕಿಲ್ಲ. ತಪ್ಪು ಕೈಯದು. ಗಾಜು ಇನ್ನು ನಿನ್ನ ಕೈಲಿರಬಾರದು" ಎಂದರು. ಅವಳು ಗಾಜನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅವರ ಮೇಜಿನ ಮೇಲಿಟ್ಟು, ನೇರ ಮನೆಗೆ ಹೋಗಿ ಎರಡು ಸೀರೆ ಗಂಟು ಕಟ್ಟಿಕೊಂಡು ಬಂದಳು. ಇನ್ನು ಕಾಯುವುದಕ್ಕೆ ಈಚೆ ಏನೂ ಉಳಿದಿರಲಿಲ್ಲ.

ಹಳಿಗೆ ಕಾಲಿಡಬೇಕು, ಅಷ್ಟರಲ್ಲಿ ಚೆನ್ನಿಗಪ್ಪ ಆಚೆಯಿಂದ ಎರಡೂ ಕೈ ಎತ್ತಿ ಕೂಗಿದ. "ನಿಲ್ಲು! ಅಲ್ಲೇ ಇರು! ದಾಟಬೇಡ! ನಾನೇ ಬರ್ತೀನಿ!"

ಹನ್ನೆರಡು ವರ್ಷದಲ್ಲಿ ಅವನು ಬರ್ತೀನಿ ಎಂದು ಕೂಗಿದ್ದು ಅದೇ ಮೊದಲು. ಅವಳು ನಿಂತಳು.

ಮಾರನೆಯ ಬೆಳಗ್ಗೆ ಪೀಪಾಯಿಯ ಹೊತ್ತಿಗೆ ಆಚೆಯ ದಡದ ಉದ್ದಕ್ಕೂ ಜನ ನಿಂತಿದ್ದರು. ನೂರಕ್ಕೂ ಹೆಚ್ಚು ಜನ, ಗಂಡಸರು, ಹೆಂಗಸರು. ಎಲ್ಲರೂ ತಲೆಗೆ ಸ್ನಾನ ಮಾಡಿ ಬಂದಿದ್ದರು, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರೂ ಮಾತಾಡಲಿಲ್ಲ. ಈಚೆಯವರು ಬಿಲ್ಲೆ ತೆಗೆದು, ಉಸಿರು ನೋಡಿ, ರೈಲು ಕಳಿಸುವ ತನಕ ನಿಂತಿದ್ದು, ಆಮೇಲೆ ತಮ್ಮ ಹೆಂಚಿನ ಕೆಲಸಕ್ಕೆ ಹೋದರು. ಮರುದಿನವೂ ಬಂದು ನಿಂತರು. ಅದರ ಮರುದಿನವೂ.

ಒಂಬತ್ತನೆಯ ದಿನ ಮಾಸ್ತರು ಅಂಚಿಗೆ ಬಂದು ಕೂಗಿ ಕೇಳಿದರು. "ಏನು ಬೇಕು ನಿಮಗೆ?"

ಮರಿಗಂಗಮ್ಮ ಎಂಬ ಹೆಂಗಸು ಮುಂದೆ ಬಂದಳು. ಒಂದು ಕಾಲಕ್ಕೆ ಗೇಟು ಕಾಯುತ್ತಿದ್ದವಳು. ಸೊಂಟದ ನೋವು ತಡೆಯಲಾರದೆ ಅಫೀಮಿನ ಗುಳಿಗೆ ನುಂಗಿ ಗಾಜನ್ನು ಹಸಿರು ಮಾಡಿ ಬಂದವಳು.

"ನಮ್ಮ ಬಿಲ್ಲೆ ಪೀಪಾಯಿಗೆ ಹಾಕಿ ಸ್ವಾಮಿ!"

"ಕುಡಿದೋರ ಕೈಗೆ ರೈಲು ಕೊಡೋಕಾಗಲ್ಲ!"

"ಕೊಡಬೇಡಿ! ಬಿಲ್ಲೆ ಬಂದ ದಿನ ಗಾಜು ಹಿಡೀರಿ! ಕಲೆ ನಿಂತ್ರೆ ಇಲ್ಲೇ ಇರ್ತೀವಿ! ನಾನು ಗುಳಿಗೆ ನುಂಗಿದ್ದು ಆ ಒಂದು ತಿಂಗಳು ಸ್ವಾಮಿ! ಇಲ್ಲಿಗೆ ಬಂದು ಹದಿನೇಳು ವರ್ಷ ಆಯ್ತು! ಈವತ್ತಿನ ಉಸಿರು ಯಾರು ನೋಡಿದಾರೆ?"

ಮಾಸ್ತರು ಒಳಗೆ ಹೋದರು. ಆಚೆಯವರು ದಿನಾ ಬಂದು ನಿಂತರು. ಸಂತೆಯ ಮಾರನೆಯ ಬೆಳಗ್ಗೆಯೂ ಒಬ್ಬರೂ ಕಡಿಮೆಯಾಗಲಿಲ್ಲ. ನಲವತ್ತು ದಿನ ಹೀಗಾಯಿತು. ನಲವತ್ತೊಂದನೆಯ ಬೆಳಗ್ಗೆ ಮಾಸ್ತರು ಟಿನ್ನಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಬಂದರು. ಸತ್ತವರ ಬಿಲ್ಲೆಗಳನ್ನು ಒಂದೊಂದಾಗಿ ಆರಿಸಿ ಬದಿಗಿಟ್ಟರು. ಉಳಿದ ನೂರಾ ಹದಿನಾಲ್ಕನ್ನೂ ಪೀಪಾಯಿಗೆ ಸುರಿದರು. ಆ ಸದ್ದು ಈ ಸಲ ಆಚೆಪಾಳ್ಯದ ತನಕ ಕೇಳಿಸಿತು.

ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಆಚೆಯ ಒಂದು ನಂಬರು ಬರತೊಡಗಿತು. ಮೊದಲು ಬಂದದ್ದು ಕೈಮರದವನೊಬ್ಬನದು. ಸೇತುವೆಯಲ್ಲಿ ತಮ್ಮವರನ್ನು ಕಳಕೊಂಡಿದ್ದ ಮಾಸ್ತರೇ ಹಳಿಯ ನಡುವೆ ಹೋಗಿ ಗಾಜು ಹಿಡಿದರು. ಗಾಜು ಆರಿತು. ಅವನು ಈಚೆಗೆ ಬಂದು ತನ್ನ ಮನೆಯ ಬಾಗಿಲು ತಟ್ಟಿದ. ಒಳಗಿನಿಂದ ಬಂದ ಮಗ ಯಾರು ಬೇಕಿತ್ತು ಎಂದು ಕೇಳಿದ. ಇನ್ನೊಬ್ಬನ ಗಾಜು ಕಂದಾಯಿತು. ಅವನು ಹಳಿಯ ಮೇಲೆ ಕೂತು ಅತ್ತ, ಎದ್ದು ವಾಪಸ್ಸು ಹೋದ. ಅವನ ಬಿಲ್ಲೆಯನ್ನೂ ಮಾಸ್ತರು ಪೀಪಾಯಿಗೇ ಹಾಕಿದರು. ಆಚೆಪಾಳ್ಯದ ಹೆಂಡದಂಗಡಿಗೆ ಗಿರಾಕಿಗಳು ಕಡಿಮೆಯಾಗಿ, ಅಂಗಡಿಯವನು ಅದೇ ಹಲಗೆಗಳ ಮೇಲೆ ಬೆಲ್ಲ, ಉಪ್ಪು ಮಾರತೊಡಗಿದ.

ಚೆನ್ನಿಗಪ್ಪ ಪ್ರತಿ ಬೆಳಗ್ಗೆ ಬಿಳಿ ಅಂಗಿ ಹಾಕಿಕೊಂಡು ಬಂದು ನಿಲ್ಲುತ್ತಿದ್ದ. ಹೊಂಬಾಳಮ್ಮ ಈಗ ಗಾಜಿಲ್ಲದ ಬರಿಗೈಯಲ್ಲಿ, ಪ್ಲಾಟ್‌ಫಾರ್ಮಿನ ದೀಪದ ಕಂಬದ ಪಕ್ಕದಲ್ಲಿ, ಎಲ್ಲರಂತೆ ನಿಲ್ಲುತ್ತಿದ್ದಳು. ನಂಬರು ಕೂಗಿದ ಮೇಲೆ ಅವನು ಕೈಬೀಸುವನು. ಅವಳೂ ಕೈಬೀಸುವಳು. ನಾಳೆ ಎಂದು ಅದರ ಅರ್ಥ. ಒಂದು ವರ್ಷ ಹೋಯಿತು, ಎರಡು ಹೋಯಿತು. ಮೂರು ಸಲ ಕಂದಾದವನು ಕೂಡ ನಾಲ್ಕನೆಯ ಸಲ ಗಾಜು ಆರಿ ಈಚೆ ಬಂದ. ಸಂತೆಯ ದಿನವೂ ಮುಟ್ಟದ ಚೆನ್ನಿಗಪ್ಪನ ನಂಬರು ಮಾತ್ರ ಬರಲಿಲ್ಲ. ಮುದುಕನ ಕೈಗೆ ಅದು ಯಾಕೆ ಸಿಕ್ಕುತ್ತಿಲ್ಲ ಎಂದು ಯಾರನ್ನು ಕೇಳುವುದು? ಮುದುಕನಿಗೂ ಗೊತ್ತಿರಲಿಲ್ಲ.

ನಾಲ್ಕನೆಯ ವರ್ಷದ ಒಂದು ಬೆಳಗ್ಗೆ ಹೊಂಬಾಳಮ್ಮ ಕಾಲುನೋವೆಂದು ಕಂಬದ ಹತ್ತಿರ ನಿಲ್ಲದೆ ದೂರದ ಬೆಂಚಿನ ಮೇಲೆ ಕೂತಿದ್ದಳು. ಅಂದೂ ಬೇರೆ ಯಾರದೋ ನಂಬರು ಬಂತು. ಚೆನ್ನಿಗಪ್ಪ ನಗುತ್ತ ಕೈಬೀಸಿದ. ಬೆಂಚಿನ ಕಡೆಗಲ್ಲ. ಕಂಬದ ಕಡೆಗೆ. ಕಂಬದ ಪಕ್ಕದಲ್ಲಿ ಯಾರೂ ಇರಲಿಲ್ಲ. ಅವನು ಬಹಳ ಹೊತ್ತು, ಉತ್ತರಕ್ಕೆ ಕಾಯುವವನಂತೆ, ಆ ಖಾಲಿ ಜಾಗಕ್ಕೆ ಕೈಬೀಸುತ್ತಲೇ ಇದ್ದ. ಆಮೇಲೆ ತಿರುಗಿ, ಮುಂದಿದ್ದವನ ಹೆಗಲ ಮೇಲೆ ಕೈಯಿಟ್ಟು, ಕಾಲಿನಿಂದ ದಾರಿ ತಡವುತ್ತ ನಡೆದ.

ಅವಳಿಗೆ ಆಗ ತಿಳಿಯಿತು. ಎಷ್ಟು ದಿನದಿಂದ ಹೀಗೋ! ಹೆಂಚಿನ ಗೂಡಿನ ಬೆಂಕಿ ಅವನ ಕಣ್ಣನ್ನು ತಿಂದುಹಾಕಿತ್ತು. ಇನ್ನು ಅವನ ನಂಬರು ಬಂದರೂ, ಗಾಜು ಆರಿದರೂ, ಯಾವ ಕೈಮರವೂ ಅವನಿಗೆ ಕಾಣುವುದಿಲ್ಲ. ಕೆಲಸಕ್ಕೆ ಹೋಗಲಾರದವನು ಈಚೆಗೆ ಬರುವಂತಿಲ್ಲ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಬಿಳಿ ಅಂಗಿ ಹಾಕಿಕೊಂಡು ಬರುತ್ತಿದ್ದ, ಈಚೆ ನಿಂತವಳು ಕಾಯುತ್ತಾಳಲ್ಲ ಎಂದು.

ಅವಳು ಮನೆಗೆ ಹೋಗಿ ಮಗಳಿಗೆ ಒಂದು ಕಾಗದ ಬರೆದಳು. ಮನೆ ಗುಡಿಸಿದಳು. ಒಲೆ ಸಾರಿಸಿದಳು. ಮಾರನೆಯ ಬೆಳಗ್ಗೆ, ಪೀಪಾಯಿ ತಿರುಗುವ ಮೊದಲೇ, ಸೀರೆಯ ಗಂಟು ಕಂಕುಳಲ್ಲಿಟ್ಟುಕೊಂಡು ಹಳಿಗೆ ಇಳಿದಳು.

"ಹೊಂಬಾಳಮ್ಮಾ" ಎಂದರು ಮಾಸ್ತರು. "ನಿನ್ನ ಹೆಸರಲ್ಲಿ ಬಿಲ್ಲೆ ಇಲ್ಲ. ಗಾಜಿನವಳಿಗೆ ಬಿಲ್ಲೆ ಇರೋದಿಲ್ಲ. ದಾಟಿದರೆ ನಿನಗೆ ಯಾವತ್ತೂ ಕರೆ ಬರೋದಿಲ್ಲ."

"ಗೊತ್ತು ಸ್ವಾಮಿ."

ಅವರು ಕೈಮುಗಿದರು. ಅವಳೂ ಮುಗಿದಳು. ಒಂದು ಜೋಡಿ ಹಳಿ ದಾಟಿದಳು. ಎರಡು ದಾಟಿದಳು. ಆಚೆಯವರು ಗುಜುಗುಜು ಎಂದರು. ಪಕ್ಕದವನು ಹೇಳಿದ ಮೇಲೆ ಚೆನ್ನಿಗಪ್ಪನಿಗೆ ತಿಳಿಯಿತು.

"ಬರಬೇಡ! ನಾಳೆ ಬಂದರೂ ಬರುತ್ತೆ ನನ್ನ ನಂಬರು! ನಿಲ್ಲೇ!"

ಅವಳು ಮೂರನೆಯದು ದಾಟಿದಳು. ನಾಲ್ಕನೆಯದು ದಾಟಿದಳು. ಅವನು ಗಾಳಿಯಲ್ಲಿ ಕೈಯಾಡಿಸುತ್ತ ಮುಂದೆ ಬಂದ. ಅವಳು ಆ ಕೈ ಹಿಡಿದುಕೊಂಡಳು.

"ಬರಲಿ ಬಿಡಿ" ಎಂದಳು. "ಇಬ್ಬರೂ ನಿಂತು ಕೇಳೋಣ."

ಅವನು ಅವಳ ಕಂಕುಳಿನಿಂದ ಗಂಟನ್ನು ತಡವಿ ತಗೊಂಡು ಎದೆಗೆ ಒತ್ತಿಕೊಂಡ.

"ಯಾವಾಗಿಂದ ಕಾಣ್ತಿಲ್ಲ?" ಎಂದು ಅವಳು ಕೇಳಿದಳು.

"ಹೋದ ಮಳೆಗಾಲದಿಂದ. ನಿನಗೆ ಹೇಗೆ ಗೊತ್ತಾಯ್ತು?" ಎಂದ.

ಅವಳು ಅವನ ಹುಬ್ಬಿನ ಮೇಲಿನ ಗಾಯದ ಗುರುತನ್ನು ಬೆರಳಿನಿಂದ ಮುಟ್ಟಿದಳು. ಅಷ್ಟರಲ್ಲಿ ಆ ದಡದಲ್ಲಿ ಪೀಪಾಯಿ ತಿರುಗಿ ನಿಂತಿತು. ಮುದುಕ ಕೂಗಿದ್ದು ಮುನ್ನೂರಾ ಆರು. ಅದು ಮರಿಗಂಗಮ್ಮನ ನಂಬರು.

ಮರಿಗಂಗಮ್ಮ ನಿಂತಲ್ಲೇ ನಿಂತಳು. ಇಪ್ಪತ್ತೊಂದು ವರ್ಷ ಕಾದವಳಿಗೆ ಈಗ ಕಾಲು ಬರಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡಳು. "ನನ್ನ ಕೈಲಾಗಲ್ಲ. ಗಾಜು ಹಸಿರಾದ್ರೆ ಏನು ಮಾಡಲಿ? ನಾನು ಏನೂ ತಿಂದಿಲ್ಲ ಕಣ್ರವ್ವಾ, ಆದ್ರೂ ಹಸಿರಾದ್ರೆ?"

ಈ ಹೆಂಗಸಿನ ಮುಂದೆ ಇಪ್ಪತ್ತೊಂದು ವರ್ಷದ ಹಿಂದೆ ಗಾಜು ಹಿಡಿದವಳು ಹೊಂಬಾಳಮ್ಮನೇ. ಅಂದು ಅವಳ ಮುಖ ನೋಡಿರಲಿಲ್ಲ. ಈಗ ನೋಡಿದಳು. ಸುಕ್ಕುಗಟ್ಟಿದ, ಕೆಂಪು ದೂಳು ಹತ್ತಿದ, ಹೆದರಿದ ಮುಖ.

"ಒಂದು ಗಳಿಗೆ ಇಲ್ಲೇ ನಿಂತಿರಿ, ಬರ್ತೀನಿ" ಎಂದು ಗಂಡನಿಗೆ ಹೇಳಿ, ಮರಿಗಂಗಮ್ಮನ ತೋಳು ಹಿಡಿದುಕೊಂಡಳು. "ಬಾ ಅಕ್ಕ. ಉಸಿರು ಬಿಗಿ ಹಿಡೀಬೇಡ. ಮೂಗಿನಿಂದ ತಗೊಂಡು ಬಾಯಿಂದ ಮೆತ್ತಗೆ ಬಿಡು. ತಿಂದಿಲ್ಲ ಅಂದ್ರೆ ಗಾಜು ಸುಳ್ಳು ಹೇಳಲ್ಲ. ನಾನು ನೋಡಿದೀನಿ."

ಇಬ್ಬರೂ ಜಲ್ಲಿಕಲ್ಲಿನ ಮೇಲೆ ನಿಧಾನವಾಗಿ ನಡೆದರು. ನಡುವೆ ಮಾಸ್ತರು ಗಾಜು ಹಿಡಿದು ನಿಂತಿದ್ದರು. ಮರಿಗಂಗಮ್ಮ ಮೂರು ಸಲ ಊದಿದಳು. ಮಂಜು ಕೂತಿತು. ಎಲ್ಲರೂ ನೋಡಿದರು. ಮಂಜು ಅಂಚಿನಿಂದ ಒಳಕ್ಕೆ ಸರಿಯುತ್ತ, ಸರಿಯುತ್ತ, ಪೂರಾ ಆರಿಹೋಯಿತು. ಗಾಜಿನ ಆಚೆ ಬೆಳಗಿನ ಆಕಾಶ ತಿಳಿಯಾಗಿ ಕಂಡಿತು.

ಮರಿಗಂಗಮ್ಮ ಈಚೆಪಾಳ್ಯದ ಕಡೆ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ಆಮೇಲೆ ಸೀರೆ ಎತ್ತಿ ಹಿಡಿದು ಓಡಿದಳು. ಅವಳು ಪ್ಲಾಟ್‌ಫಾರ್ಮು ಹತ್ತುವ ತನಕ ನೋಡುತ್ತಿದ್ದು, ಹೊಂಬಾಳಮ್ಮ ಹಿಂದಿರುಗಿ ಗಂಡ ನಿಂತಿದ್ದ ಕಡೆಗೆ ನಡೆದಳು.